ಫ್ರೇಜರ್ ಕಣಿವೆಯ ಮರದ ಗುರುದ್ವಾರ

ಗುರುದ್ವಾರ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಮೂಡುವ ಚಿತ್ರ ಹೆಚ್ಚು ಕಡಿಮೆ ಒಂದೇ. ಬೆಳ್ಳಗಿನ ಅಮೃತಶಿಲೆ, ಈರುಳ್ಳಿ ಗಡ್ಡೆಯ ಆಕಾರದ ಗುಮ್ಮಟ, ಮೂಲೆಗಳಲ್ಲಿ ಪುಟ್ಟ ಪುಟ್ಟ ಛತ್ರಿಗಳು, ಮಗ್ಗುಲಲ್ಲಿ ತಿಳಿನೀರಿನ ಸರೋವರ. ಅಮೃತಸರಕ್ಕೆ ಹೋಗಿ ಬಂದವರಿಗೆ ಮಾತ್ರವಲ್ಲ, ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ಸ್ವರ್ಣಮಂದಿರವನ್ನು ನೋಡಿದವರಿಗೂ ಇದೇ ನೆನಪು. ನಮ್ಮ ಬೀದರಿನ ನಾನಕ್ ಝೀರಾ ಗುರುದ್ವಾರವನ್ನು ಕಂಡ ವಿದ್ಯಾರ್ಥಿಗಳೂ ಗುಮ್ಮಟವಿಲ್ಲದ ಗುರುದ್ವಾರವನ್ನು ಊಹಿಸಿಕೊಳ್ಳಲಾರರು.

ಈಗ ನಾವು ನೋಡಹೊರಟಿರುವ ಗುರುದ್ವಾರಕ್ಕೆ ಗುಮ್ಮಟವಿಲ್ಲ, ಅಮೃತಶಿಲೆಯಿಲ್ಲ, ಸರೋವರವೂ ಇಲ್ಲ. ಅದು ಎರಡಂತಸ್ತಿನ ಒಂದು ಮರದ ಕಟ್ಟಡ. ಬಣ್ಣ ಬಳಿದ ಹಲಗೆಯ ಗೋಡೆ, ಮೇಲಂತಸ್ತಿನಲ್ಲಿ ಹೊರಚಾಚಿದ ಮರದ ಮೊಗಸಾಲೆ, ಮುಂಭಾಗದಲ್ಲಿ ಚೌಕನೆಯ ಎತ್ತರದ ಗೋಡೆ. ಪಕ್ಕದಲ್ಲಿ ಎತ್ತರದ ಕಂಬದ ಮೇಲೆ ಹಾರಾಡುವ ನಿಶಾನ್ ಸಾಹೇಬ್ ಎಂಬ ಧ್ವಜ ಇಲ್ಲದಿದ್ದರೆ, ಹಳೆಯ ಕಾಲದ ಯಾವುದೋ ದಿನಸಿ ಅಂಗಡಿಯೋ ಊಟದ ಮನೆಯೋ ಇರಬೇಕೆಂದುಕೊಂಡು ದಾರಿಹೋಕರು ಮುಂದೆ ನಡೆದುಬಿಡಬಹುದು. ಕೆನಡಾ ದೇಶದ ಪಶ್ಚಿಮ ಅಂಚಿನಲ್ಲಿ ಬ್ರಿಟಿಷ್ ಕೊಲಂಬಿಯಾ ಎಂಬ ಪ್ರಾಂತವಿದೆ. ಅಲ್ಲಿಯ ವ್ಯಾಂಕೂವರ್ ನಗರದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಅಮೆರಿಕದ ಗಡಿಗೆ ಅಂಟಿಕೊಂಡಂತಿರುವ ಊರು ಆಬಟ್ಸ್‌ಫರ್ಡ್. ಆ ಊರಿನ ಸೌತ್ ಫ್ರೇಜರ್ ರಸ್ತೆಯ ದಿಬ್ಬದ ಮೇಲೆ ಈ ಕಟ್ಟಡ ನಿಂತಿದೆ. ಹೆಸರು ಗುರ್ ಸಿಖ್ ಟೆಂಪಲ್. ಕಟ್ಟಿ ಮುಗಿಸಿದ್ದು 1911ರಲ್ಲಿ. ಉತ್ತರ ಅಮೆರಿಕ ಖಂಡದಲ್ಲಿ ಇಂದಿಗೂ ಉಳಿದುಕೊಂಡಿರುವ ಗುರುದ್ವಾರಗಳಲ್ಲಿ ಇದೇ ಅತ್ಯಂತ ಹಳೆಯದು.

ಹಳೆಯದು ಎಂದೆ, ಮೊದಲನೆಯದು ಎನ್ನಲಿಲ್ಲ. ಈ ಎರಡು ಮಾತುಗಳ ನಡುವಿನ ಅಂತರದಲ್ಲೇ ಒಂದು ಕಥೆಯಿದೆ. ಅದಕ್ಕೆ ಆಮೇಲೆ ಬರೋಣ.

ಹೊಲ ಬಿಟ್ಟು ಹಡಗು ಹತ್ತಿದವರು

ಬಿಯಾಸ್ ಮತ್ತು ಸಟ್ಲೆಜ್ ನದಿಗಳ ನಡುವಿನ ಭೂಭಾಗಕ್ಕೆ ದೋಆಬ್ ಎಂದು ಹೆಸರು. ಎರಡು ನೀರುಗಳ ನಡುವಿನ ನಾಡು ಎಂದು ಅದರ ಅರ್ಥ. ಫಲವತ್ತಾದ ನೆಲ, ದುಡಿಯುವ ಜನ. ಆದರೂ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿಯ ರೈತನ ಬದುಕು ಹದಗೆಟ್ಟಿತ್ತು. 1849ರಲ್ಲಿ ಪಂಜಾಬು ಇಂಗ್ಲಿಷರ ವಶವಾದ ಮೇಲೆ ಕಂದಾಯವನ್ನು ಹಣದ ರೂಪದಲ್ಲೇ ಕಟ್ಟಬೇಕಾಯಿತು. ಬೆಳೆ ಕೈಕೊಟ್ಟ ವರ್ಷ ಸಾಹುಕಾರನ ಬಾಗಿಲು ತಟ್ಟದೆ ಗತಿಯಿರಲಿಲ್ಲ. ಅಪ್ಪನ ಹೊಲ ನಾಲ್ಕು ಮಕ್ಕಳಿಗೆ ಹಂಚಿ ಹೋಗಿ, ಮೊಮ್ಮಕ್ಕಳ ಕಾಲಕ್ಕೆ ಉಳುವ ಎತ್ತು ತಿರುಗುವಷ್ಟೂ ಜಾಗ ಉಳಿಯದಂತಾಯಿತು. ಮನೆಗೊಬ್ಬ ಮಗ ಬ್ರಿಟಿಷ್ ಸೈನ್ಯಕ್ಕೆ ಸೇರುವುದು ವಾಡಿಕೆಯಾಯಿತು. ಸೈನ್ಯದಿಂದ ಬಿಡುವಾದವರು ಹಾಂಗ್‌ಕಾಂಗ್, ಶಾಂಘೈ, ಸಿಂಗಪುರಗಳಲ್ಲಿ ಪೊಲೀಸರಾಗಿಯೋ ಕಾವಲುಗಾರರಾಗಿಯೋ ನಿಂತರು. ಹೀಗಾಗಿ ಆ ಹಳ್ಳಿಗಳ ಜನಕ್ಕೆ ಸಮುದ್ರ ಅಪರಿಚಿತವಾಗಿ ಉಳಿಯಲಿಲ್ಲ.

1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕವಾಯಿತು. ಅದರಲ್ಲಿ ಪಾಲ್ಗೊಳ್ಳಲು ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಹೊರಟ ಸೈನಿಕ ತಂಡ ವ್ಯಾಂಕೂವರಿನಲ್ಲಿ ಹಡಗಿನಿಂದಿಳಿದು ಕೆನಡಾದ ಮೂಲಕ ಹಾದುಹೋಯಿತು. ಆ ತಂಡದಲ್ಲಿ ಸಿಖ್ಖರೂ ಇದ್ದರು. ಕಣ್ಣು ಹಾಯುವವರೆಗೂ ಕಾಡು, ತುಂಬಿ ಹರಿಯುವ ನದಿ, ಕೆಲಸಕ್ಕೆ ಆಳುಗಳಿಲ್ಲದೆ ಪರದಾಡುತ್ತಿದ್ದ ಗರಗಸದ ಗಿರಣಿಗಳು ಇವೆಲ್ಲದರ ಸುದ್ದಿ ಹಾಂಗ್‌ಕಾಂಗಿನ ಪಾಳೆಯಗಳಿಗೂ ಅಲ್ಲಿಂದ ಪಂಜಾಬಿನ ಹಳ್ಳಿಗಳಿಗೂ ಮುಟ್ಟಿತು. 1904ರಲ್ಲಿ ಕೆಲವೇ ಮಂದಿ ಬಂದಿಳಿದರು. 1906 ಮತ್ತು 1907ರಲ್ಲಿ ಸಾವಿರಗಟ್ಟಲೆ ಬಂದರು. 1908ರ ಹೊತ್ತಿಗೆ ಬ್ರಿಟಿಷ್ ಕೊಲಂಬಿಯಾಕ್ಕೆ ಬಂದ ಭಾರತೀಯರ ಸಂಖ್ಯೆ ಸುಮಾರು 5,000 ಮುಟ್ಟಿತ್ತು. ಅವರಲ್ಲಿ ಬಹುಪಾಲು ಸಿಖ್ಖರು, ಬಹುಪಾಲು ಗಂಡಸರು. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು, ನಾಲ್ಕು ವರ್ಷ ದುಡಿದು ಸಾಲ ತೀರಿಸಿ ಹಿಂದಿರುಗೋಣವೆಂದು ಬಂದವರೇ ಹೆಚ್ಚು. ಇಲ್ಲಿಯ ಬಿಳಿಯರು ಇವರೆಲ್ಲರನ್ನೂ, ಮುಸಲ್ಮಾನರನ್ನೂ ಸೇರಿಸಿ, 'ಹಿಂದೂ' ಎಂದೇ ಕರೆಯುತ್ತಿದ್ದರು ಎಂಬುದು ಆ ಕಾಲದ ಒಂದು ವಿಚಿತ್ರ.

ಕೆಲಸವೇನೋ ಸಿಕ್ಕಿತು. ಆದರೆ ಅದೇ ಗಿರಣಿಯಲ್ಲಿ ಅದೇ ಕೆಲಸ ಮಾಡುವ ಬಿಳಿಯ ಆಳಿಗಿಂತ ಕಡಿಮೆ ಕೂಲಿಗೆ. ಕಡಿಮೆ ಕೂಲಿಗೆ ದುಡಿಯುತ್ತಾರೆಂದೇ ಬಿಳಿಯ ಕಾರ್ಮಿಕರು ಇವರನ್ನು ದ್ವೇಷಿಸಿದರು. ಕೂಲಿ ಇಳಿಸಿದವನು ಯಜಮಾನ, ಏಟು ತಿಂದವನು ಆಳು! 1907ರ ಸೆಪ್ಟೆಂಬರ್ 4ರಂದು ಗಡಿಯಾಚೆಯ ಬೆಲಿಂಗ್‌ಹ್ಯಾಮ್ ಊರಿನಲ್ಲಿ ಗುಂಪೊಂದು ಭಾರತೀಯ ಗಿರಣಿ ಕಾರ್ಮಿಕರ ಬಿಡಾರಗಳಿಗೆ ನುಗ್ಗಿ ಅವರನ್ನು ಊರಿನಿಂದಲೇ ಓಡಿಸಿತು. ಮೂರು ದಿನ ಕಳೆದು ವ್ಯಾಂಕೂವರಿನಲ್ಲಿ ಚೀನೀ ಮತ್ತು ಜಪಾನೀ ಕೇರಿಗಳ ಮೇಲೆ ದಾಳಿಯಾಯಿತು. ಅದೇ ವರ್ಷ ಬ್ರಿಟಿಷ್ ಕೊಲಂಬಿಯಾದ ಶಾಸನಸಭೆ ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವನು ವಕೀಲನಾಗುವಂತಿಲ್ಲ, ಔಷಧಿ ಅಂಗಡಿ ನಡೆಸುವಂತಿಲ್ಲ, ಊರ ಆಡಳಿತದಲ್ಲಿ ಕೂರುವಂತಿಲ್ಲ. ಹಾಗಾಗಿ ಒಂದು ಹಕ್ಕು ಹೋದರೆ ಹತ್ತು ಬಾಗಿಲು ಮುಚ್ಚಿದಂತೆ.

1908ರ ಜನವರಿಯಲ್ಲಿ ಇನ್ನೊಂದು ಆಜ್ಞೆ ಹೊರಬಿತ್ತು. ಹುಟ್ಟಿದ ಅಥವಾ ಪೌರನಾಗಿರುವ ದೇಶದಿಂದ ಎಲ್ಲಿಯೂ ನಿಲ್ಲದೆ, ಅಲ್ಲಿಯೇ ಕೊಂಡ ಒಂದೇ ಟಿಕೆಟ್ಟಿನ ಮೇಲೆ ಬಂದವರಿಗೆ ಮಾತ್ರ ಕೆನಡಾ ಪ್ರವೇಶ ಎಂಬುದು ಅದರ ಸಾರ. ಓದಿದರೆ ಯಾರ ಹೆಸರೂ ಇಲ್ಲ, ಯಾವ ಜನಾಂಗದ ಮಾತೂ ಇಲ್ಲ. ಆದರೆ ಭಾರತದಿಂದ ಕೆನಡಾಕ್ಕೆ ನೇರ ಪ್ರಯಾಣದ ಸೌಲಭ್ಯವೇ ಉಳಿಯದಂತೆ ನೋಡಿಕೊಳ್ಳಲಾಯಿತು. ಅದರ ಮೇಲೆ, ಬಂದಿಳಿಯುವ ಪ್ರತಿ ಭಾರತೀಯನ ಕೈಯಲ್ಲಿ 200 ಡಾಲರ್ ಇರಬೇಕೆಂಬ ಷರತ್ತು. ದಿನಗೂಲಿ ಒಂದೆರಡು ಡಾಲರ್ ಇದ್ದ ಕಾಲ ಅದು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳನ್ನು ಅದೇ ಸಾಮ್ರಾಜ್ಯದ ಇನ್ನೊಂದು ಭಾಗದಿಂದ ಹೊರಗಿಡಬೇಕು, ಆದರೆ ಹೊರಗಿಟ್ಟಂತೆ ಕಾಣಬಾರದು. ಕಾನೂನಿನ ಭಾಷೆಯನ್ನು ಅಧ್ಯಯನ ಮಾಡುವ ವಿದ್ಯಾರ್ಥಿಗಳು ಈ ಆಜ್ಞೆಯನ್ನು ಒಮ್ಮೆ ಗಮನಿಸಿ ನೋಡಬೇಕು.

ಅದೇ ವರ್ಷ ಸರ್ಕಾರಕ್ಕೆ ಇನ್ನೂ ಒಂದು ಉಪಾಯ ಹೊಳೆಯಿತು. ಇಲ್ಲಿರುವ ಭಾರತೀಯರನ್ನೆಲ್ಲ ಮಧ್ಯ ಅಮೆರಿಕದ ಬ್ರಿಟಿಷ್ ಹೊಂಡುರಾಸಿಗೆ ಸಾಗಿಸಿಬಿಡುವ ಯೋಜನೆ ಅದು. ಜಾಗ ನೋಡಿಕೊಂಡು ಬರಲು ಭಾರತೀಯರ ಪ್ರತಿನಿಧಿಗಳನ್ನೂ ಕಳುಹಿಸಿದರು. ಅವರು ಹಿಂದಿರುಗಿ, ಅಲ್ಲಿ ನಮ್ಮವರು ಬದುಕುವುದು ಸಾಧ್ಯವಿಲ್ಲ ಎಂದು ವರದಿ ಒಪ್ಪಿಸಿದರು. ಸಮುದಾಯ ಆ ಯೋಜನೆಯನ್ನು ತಿರಸ್ಕರಿಸಿತು. ಇಂಥ ವಿಷಯಗಳನ್ನು ಕೂಡಿ ಕುಳಿತು ಚರ್ಚಿಸಲು ಒಂದು ಜಾಗ ಬೇಕಿತ್ತು. ಆ ಜಾಗವೇ ಗುರುದ್ವಾರ.

ಗಿರಣಿಯಿಂದ ದಿಬ್ಬಕ್ಕೆ

ವ್ಯಾಂಕೂವರಿನಲ್ಲಿ ಖಾಲ್ಸಾ ದಿವಾನ್ ಸೊಸೈಟಿ ಸ್ಥಾಪನೆಯಾದದ್ದು 1906ರಲ್ಲಿ. ಖಾಲ್ಸಾ ಎಂಬ ಹೆಸರು ಬಂದಾಗ ಕನ್ನಡಿಗರು ನೆನೆಯಬೇಕಾದ ಒಂದು ಸಂಗತಿಯಿದೆ. 1699ರಲ್ಲಿ ಗುರು ಗೋವಿಂದ ಸಿಂಗರು ಆನಂದಪುರದಲ್ಲಿ ಖಾಲ್ಸಾ ಪಂಥವನ್ನು ಕಟ್ಟಿದಾಗ, ತಲೆ ಕೊಡಲು ಸಿದ್ಧರಾಗಿ ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು ಎಂದು ಸಿಖ್ ಪರಂಪರೆ ಹೇಳುತ್ತದೆ. ಸೊಸೈಟಿಯು 1908ರ ಜನವರಿಯಲ್ಲಿ ವ್ಯಾಂಕೂವರಿನ ಎರಡನೆಯ ಅವೆನ್ಯೂದಲ್ಲಿ ತನ್ನ ಗುರುದ್ವಾರವನ್ನು ತೆರೆಯಿತು.

ಆಬಟ್ಸ್‌ಫರ್ಡಿಗೆ ಸಿಖ್ಖರು 1905ರ ಸುಮಾರಿಗೆ ಬಂದರು. ಹೊಲಗಳಲ್ಲಿ ದುಡಿದರು, ಕಾಡು ಕಡಿದರು, ಮಿಲ್ ಲೇಕ್ ಎಂಬ ಕೆರೆಯ ದಂಡೆಯಲ್ಲಿದ್ದ ಟ್ರೆಥೆವೀ ಮನೆತನದ ಗರಗಸದ ಗಿರಣಿಯಲ್ಲಿ ಆಳುಗಳಾದರು. ಈ ಗಿರಣಿಗೂ ಗುರುದ್ವಾರಕ್ಕೂ ಹತ್ತಿರದ ನಂಟು. ದಿಬ್ಬದ ಮೇಲೆ ನೆಲ ಕೊಂಡ ಮೇಲೆ, ಕಟ್ಟಡಕ್ಕೆ ಬೇಕಾದ ಮರವನ್ನು ಗಿರಣಿಯವರು ದಾನವಾಗಿ ಕೊಟ್ಟರು. ಆ ತೊಲೆ ಹಲಗೆಗಳನ್ನು ಕೆಲಸಗಾರರು ತಮ್ಮ ಬೆನ್ನ ಮೇಲೆ ಹೊತ್ತು ದಿಬ್ಬ ಹತ್ತಿಸಿದರೆಂದು ಅಲ್ಲಿಯ ಹಿರಿಯರು ಮಕ್ಕಳಿಗೆ ಹೇಳಿಕೊಂಡು ಬಂದಿದ್ದಾರೆ. ಹಗಲೆಲ್ಲ ಗಿರಣಿಯಲ್ಲಿ ಕೂಲಿಗಾಗಿ ಯಾವ ಹಲಗೆಯನ್ನು ಎತ್ತಿಹಾಕುತ್ತಿದ್ದರೋ ಅಂಥದೇ ಹಲಗೆಯನ್ನು ಇಲ್ಲಿ ಸೇವೆಯಾಗಿ ಹೊತ್ತರು. ಸಿಖ್ ಧರ್ಮದಲ್ಲಿ ಕೈಯಾರೆ ಮಾಡುವ ಇಂಥ ಸೇವೆಗೆ ದೊಡ್ಡ ಸ್ಥಾನವಿದೆ. ಅಮೃತಸರದ ಸರೋವರದ ಹೂಳು ತೆಗೆಯುವ ಕೆಲಸವನ್ನೂ ಕಾರ್ ಸೇವೆ ಎಂದು ಭಕ್ತರೇ ಮಾಡುತ್ತಾರೆ. ಸ್ಥಾಪಕರಲ್ಲಿ ಸುಂದರ್ ಸಿಂಗ್ ಥಂಡಿಯವರ ಹೆಸರನ್ನು ಆ ಊರು ಇಂದಿಗೂ ನೆನೆಯುತ್ತದೆ. 1912ರ ಫೆಬ್ರವರಿ ತಿಂಗಳ ಕೊನೆಯಲ್ಲಿ ಗುರುದ್ವಾರ ವಿಧ್ಯುಕ್ತವಾಗಿ ತೆರೆಯಿತು.

ಒಂದು ಕ್ಷಣ ನಿಂತು ಯೋಚಿಸಿ. ಮತ ಹಾಕುವ ಹಕ್ಕಿಲ್ಲ. ಹೆಂಡತಿ ಮಕ್ಕಳನ್ನು ಕರೆತರುವ ಅವಕಾಶವಿಲ್ಲ. ಯಾವತ್ತು ಹೊರಹಾಕುತ್ತಾರೋ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಈ ಜನ ತಮಗಾಗಿ ಒಳ್ಳೆಯ ಮನೆಗಳನ್ನು ಕಟ್ಟಿಕೊಳ್ಳಲಿಲ್ಲ. ಗಿರಣಿಯ ಬಿಡಾರಗಳಲ್ಲಿ ಹತ್ತಾರು ಜನ ಒಟ್ಟಿಗೆ ಮಲಗಿ, ಉಳಿಸಿದ ಕಾಸನ್ನು ಒಂದು ಗುರುದ್ವಾರಕ್ಕೆ ಹಾಕಿದರು. ತಾತ್ಕಾಲಿಕವಾಗಿ ಬಂದ ಕೂಲಿಯವನು ಕಟ್ಟಡ ಕಟ್ಟುವುದಿಲ್ಲ. ಇವರು ಕಟ್ಟಿದರು ಎಂದರೆ, ಇಲ್ಲೇ ನಿಲ್ಲಬೇಕೆಂದು ಮನಸ್ಸು ಮಾಡಿದ್ದರು ಎಂದೇ ನಾನು ತಿಳಿಯುತ್ತೇನೆ.

ಕಟ್ಟಡವನ್ನು ಓದುವುದು

ಇತಿಹಾಸದ ವಿದ್ಯಾರ್ಥಿಗೆ ಶಾಸನ, ತಾಳೆಗರಿಗಳಂತೆ ಕಟ್ಟಡವೂ ಒಂದು ದಾಖಲೆ. ಆಬಟ್ಸ್‌ಫರ್ಡಿನ ಗುರುದ್ವಾರವನ್ನು ಹೀಗೆ ಓದಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಆ ಚೌಕನೆಯ ಮುಂಗೋಡೆ. ಅದರ ಹಿಂದೆ ಇರುವುದು ಎರಡು ಕಡೆ ಇಳಿಜಾರಾದ ಸಾಮಾನ್ಯ ಮಾಡು. ಮುಂದಿನಿಂದ ನೋಡುವವರಿಗೆ ಆ ಮಾಡು ಕಾಣದಂತೆ ಗೋಡೆಯನ್ನು ಮೇಲಕ್ಕೆ ಎಬ್ಬಿಸಿ, ಕಟ್ಟಡ ಇನ್ನಷ್ಟು ಎತ್ತರವಾಗಿ, ಗಂಭೀರವಾಗಿ ತೋರುವಂತೆ ಮಾಡಿದ್ದಾರೆ. ನಮ್ಮ ಹಳೆಯ ಪೇಟೆ ಬೀದಿಗಳಲ್ಲೂ ಇಂಥದನ್ನು ನೀವು ನೋಡಿರಬಹುದು: ಹಿಂದೆ ಮಂಗಳೂರು ಹಂಚಿನ ಮಾಡು, ಮುಂದೆ ಗಾರೆಯ ಗೋಡೆ, ಅದರ ಮೇಲೆ ಅಂಗಡಿಯ ಹೆಸರು, ಇಸವಿ. ಉತ್ತರ ಅಮೆರಿಕದ ಪಶ್ಚಿಮದಲ್ಲಿ ರಾತ್ರೋರಾತ್ರಿ ಎದ್ದ ಊರುಗಳ ಅಂಗಡಿ, ಹೋಟೆಲು, ಸಭಾಭವನಗಳೆಲ್ಲ ಇದೇ ಧಾಟಿಯವು. ಗುರುದ್ವಾರ ಕಟ್ಟಿದವರು ತಮ್ಮ ಸುತ್ತ ಕಂಡ ಶೈಲಿಯನ್ನೇ ತೆಗೆದುಕೊಂಡರು. ಮರ ಹೇರಳ, ಮರಗೆಲಸ ಗೊತ್ತು. ಕಲ್ಲು ಕೆತ್ತುವವರಿಲ್ಲ, ಗುಮ್ಮಟ ಕಟ್ಟುವ ಗಾರೆಯವರಿಲ್ಲ, ಹಣವಂತೂ ಇಲ್ಲ.

ಹಾಗಾದರೆ ಇದು ಗುರುದ್ವಾರ ಹೇಗಾಯಿತು ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಗುರುದ್ವಾರವೆಂದರೆ ಗುರುವಿನ ಬಾಗಿಲು. ಆರಂಭದ ಕಾಲದಲ್ಲಿ ಸಿಖ್ಖರು ಕೂಡುವ ಜಾಗಕ್ಕೆ ಧರ್ಮಶಾಲೆ ಎಂದೇ ಹೆಸರಿತ್ತು. 1604ರಲ್ಲಿ ಐದನೆಯ ಗುರು ಅರ್ಜನದೇವರು ಸಂಕಲಿಸಿದ ಆದಿಗ್ರಂಥವನ್ನು ಹರಿಮಂದಿರದಲ್ಲಿ ಪ್ರತಿಷ್ಠಾಪಿಸಲಾಯಿತು. 1708ರಲ್ಲಿ ಗುರು ಗೋವಿಂದ ಸಿಂಗರು ತಮ್ಮ ಅನಂತರ ಮನುಷ್ಯಗುರುವಿಲ್ಲ, ಗ್ರಂಥವೇ ಗುರು ಎಂದು ಸಾರಿದರು. ಅಂದಿನಿಂದ 1,430 ಪುಟಗಳ ಗುರು ಗ್ರಂಥ ಸಾಹೇಬ್ ಎಲ್ಲಿ ವಿಧಿಪೂರ್ವಕವಾಗಿ ನೆಲೆಸಿರುತ್ತದೆಯೋ ಅದೇ ಗುರುದ್ವಾರ. ಗುಮ್ಮಟ ಇರಲೇಬೇಕೆಂಬ ವಿಧಿ ಎಲ್ಲಿಯೂ ಇಲ್ಲ. ನಮ್ಮ ದೇವಾಲಯಗಳ ಗರ್ಭಗೃಹ, ಶಿಖರಗಳಿಗೆ ಆಗಮಶಾಸ್ತ್ರದ ಅಳತೆಗಳಿರುವಂತೆ ಇಲ್ಲಿ ಕಟ್ಟುನಿಟ್ಟಾದ ಶಾಸ್ತ್ರವಿಲ್ಲ. ಗುಮ್ಮಟ, ಛತ್ರಿ, ಕಮಾನುಗಳು ಮೊಗಲ್ ಮತ್ತು ರಜಪೂತ ವಾಸ್ತುವಿನಿಂದ ಬಂದು ಪಂಜಾಬಿನಲ್ಲಿ ನೆಲೆಗೊಂಡವು. ಸ್ವರ್ಣಮಂದಿರಕ್ಕೆ ಚಿನ್ನದ ತಗಡು ಹೊದಿಸಿದ್ದು ಮಹಾರಾಜ ರಣಜಿತ್ ಸಿಂಗನ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ. ಅಂದರೆ ನಾವು 'ಸಾಂಪ್ರದಾಯಿಕ' ಎನ್ನುವ ರೂಪವೂ ಒಂದು ಕಾಲದಲ್ಲಿ ನೆರೆಹೊರೆಯಿಂದ ಪಡೆದುಕೊಂಡದ್ದೇ.

ಇನ್ನು ಒಳಗೆ ಬರೋಣ. ಕೆಳ ಅಂತಸ್ತಿನಲ್ಲಿ ಅಡುಗೆಮನೆ ಮತ್ತು ಲಂಗರ್, ಅಂದರೆ ಎಲ್ಲರೂ ಸಾಲಾಗಿ ಕುಳಿತು ಉಣ್ಣುವ ಸ್ಥಳ. ಮೇಲಂತಸ್ತಿನಲ್ಲಿ ಪ್ರಾರ್ಥನಾ ಮಂದಿರ. ಹೀಗೇಕೆ? ಗ್ರಂಥ ಸಾಹೇಬ್ ಇರುವ ಜಾಗದ ಮೇಲೆ ಜನ ಓಡಾಡಬಾರದು ಎಂಬ ಭಾವನೆಗೆ ಈ ಏರ್ಪಾಡು ಸಹಜವಾಗಿಯೇ ಹೊಂದುತ್ತದೆ. ಮಂದಿರದೊಳಗೆ ಹೆಚ್ಚಿನ ಅಲಂಕಾರವಿಲ್ಲ. ಉದ್ದನೆಯ ಒಂದು ಹಜಾರ, ಕೊನೆಯಲ್ಲಿ ಮೇಲ್ಕಟ್ಟು ಕಟ್ಟಿದ ಪೀಠ, ಅದರ ಮೇಲೆ ರೇಷ್ಮೆಯ ಹೊದಿಕೆಯಲ್ಲಿ ಗ್ರಂಥ. ಬೆಳಿಗ್ಗೆ ಗ್ರಂಥವನ್ನು ತೆರೆಯುವುದಕ್ಕೆ ಪ್ರಕಾಶ್ ಎಂದೂ ರಾತ್ರಿ ಮುಚ್ಚಿ ವಿಶ್ರಾಂತಿಗೆ ಒಯ್ಯುವುದಕ್ಕೆ ಸುಖಾಸನ್ ಎಂದೂ ಹೆಸರು. ಚಪ್ಪಲಿ ಬಿಟ್ಟು, ತಲೆ ಮುಚ್ಚಿಕೊಂಡು ಬಂದವರೆಲ್ಲ ನೆಲದ ಮೇಲೆ ಕೂರುತ್ತಾರೆ. ಆ ಕಾಲದ ಊರಿನ ಚರ್ಚುಗಳಲ್ಲಿ ಬೆಂಚುಗಳ ಸಾಲು. ಇಲ್ಲಿ ಹಾಸಿದ ಜಮಖಾನ. ಹೊರಗಿನ ಕವಚ ಕೆನಡಾದ್ದು, ಒಳಗಿನ ನಡೆ ಪಂಜಾಬಿನದು.

ಲಂಗರಿನ ಮಾತನ್ನು ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಜಾತಿ, ಅಂತಸ್ತು ನೋಡದೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಸಿಖ್ ಗುರುಗಳು ಹಾಕಿಕೊಟ್ಟ ಪದ್ಧತಿ. ವಲಸೆ ಬಂದ ನಾಡಿನಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಬಂತು. ಕೆಲಸ ಕಳೆದುಕೊಂಡವನಿಗೆ, ಕೈಗೆ ಏಟಾಗಿ ಗಿರಣಿಗೆ ಹೋಗಲಾರದವನಿಗೆ, ನಿನ್ನೆ ತಾನೇ ಹಡಗಿನಿಂದಿಳಿದವನಿಗೆ ಇಲ್ಲಿ ರೊಟ್ಟಿ, ಬೇಳೆ ಸಿಗುತ್ತಿತ್ತು. ಅಂದಿನ ವಲಸಿಗರ ಗುರುದ್ವಾರಗಳು ರಾತ್ರಿ ತಂಗುವ ಛತ್ರಗಳೂ ಆಗಿದ್ದವು. 1901ರಲ್ಲಿ ಸ್ಥಾಪನೆಯಾದ ಹಾಂಗ್‌ಕಾಂಗಿನ ಗುರುದ್ವಾರದಲ್ಲಿ ಹಡಗಿಗಾಗಿ ಕಾಯುತ್ತ ತಂಗಿದ್ದವರು ಎಷ್ಟೋ ಮಂದಿ. ಊರಿನಿಂದ ಬಂದ ಕಾಗದವನ್ನು ಓದು ಬಲ್ಲವರಿಂದ ಓದಿಸಿಕೊಳ್ಳುವುದು, ಉತ್ತರ ಬರೆಸುವುದು, ಜಗಳ ತೀರಿಸಿಕೊಳ್ಳುವುದು, ವಕೀಲರಿಗೆ ಹಣ ಕೂಡಿಸುವುದು ಎಲ್ಲಕ್ಕೂ ಇದೇ ಚಾವಡಿ. ಪಂಜಾಬಿನ ಹಿಂದೂಗಳೂ ಮುಸಲ್ಮಾನರೂ ಇಂಥ ಗುರುದ್ವಾರಗಳಿಗೆ ಬರುತ್ತಿದ್ದರು. ಇಡೀ ಸಮುದಾಯಕ್ಕೆ ಆ ನಾಡಿನಲ್ಲಿ ತನ್ನದೆಂದು ಹೇಳಿಕೊಳ್ಳಲು ಬೇರೆ ಸೂರಿರಲಿಲ್ಲ.

ಗುರುದ್ವಾರಗಳ ರಾಜಕೀಯವೂ ಈ ಪಂಕ್ತಿಯಿಂದಲೇ ಎದ್ದಿತು. 1909ರ ಅಕ್ಟೋಬರಿನಲ್ಲಿ ವ್ಯಾಂಕೂವರ್ ಗುರುದ್ವಾರದಲ್ಲಿ ಸೇರಿದ ಮಾಜಿ ಸೈನಿಕರು, ಬ್ರಿಟಿಷ್ ಸೈನ್ಯದಲ್ಲಿ ಗಳಿಸಿದ ಪದಕಗಳನ್ನು ಇನ್ನು ಧರಿಸುವುದಿಲ್ಲವೆಂದು ತೀರ್ಮಾನಿಸಿದರು. ಸಾಮ್ರಾಜ್ಯಕ್ಕಾಗಿ ಯುದ್ಧ ಮಾಡಿದವರಿಗೆ ಆ ಸಾಮ್ರಾಜ್ಯದ ನೆಲದಲ್ಲಿ ಕಾಲಿಡಲು ಜಾಗವಿಲ್ಲವಾದರೆ ಪದಕ ಏತಕ್ಕೆ? 1914ರ ಮೇ 23ರಂದು ಕೋಮಗಾಟ ಮಾರು ಎಂಬ ಹಡಗು 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ಬಂದರಿಗೆ ಬಂತು. ಅವರಲ್ಲಿ 340 ಮಂದಿ ಸಿಖ್ಖರು, ಉಳಿದವರು ಮುಸಲ್ಮಾನರು ಮತ್ತು ಹಿಂದೂಗಳು. ದಡಕ್ಕೆ ಇಳಿಯಲು ಬಿಡದೆ ಎರಡು ತಿಂಗಳು ಹಡಗನ್ನು ನೀರಿನಲ್ಲೇ ನಿಲ್ಲಿಸಿದರು. ದಡದಲ್ಲಿದ್ದವರು ಗುರುದ್ವಾರದಲ್ಲಿ ಸಭೆ ಸೇರಿ ಸಾವಿರಾರು ಡಾಲರ್ ಕೂಡಿಸಿ ಹಡಗಿನ ಬಾಡಿಗೆ ತೆತ್ತರು, ನ್ಯಾಯಾಲಯಕ್ಕೆ ಹೋದರು. ಫಲ ಸಿಗಲಿಲ್ಲ. ಹಿಂದೆ ಕೆನಡಾದಲ್ಲೇ ನೆಲೆಸಿದ್ದ ಕೆಲವರನ್ನು ಮಾತ್ರ ಇಳಿಸಿಕೊಂಡು, ಜುಲೈ 23ರಂದು ಹಡಗನ್ನು ಹಿಂದಕ್ಕೆ ಅಟ್ಟಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಬಳಿಯ ಬಜ್ ಬಜ್‌ನಲ್ಲಿ ಇಳಿದಾಗ ನಡೆದ ಗುಂಡಿನ ದಾಳಿಯಲ್ಲಿ ಹಲವರು ಪ್ರಾಣ ತೆತ್ತರು. ಕೆನಡಾದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದ್ದು 2016ರ ಮೇ 18ರಂದು, ನೂರೆರಡು ವರ್ಷಗಳ ಮೇಲೆ.

ಹಲಗೆಗೆ ಹಲಗೆ ಸೇರಿದ ಬಗೆ

ಕಟ್ಟಡಕ್ಕೆ ಮರಳೋಣ. ಹಿಂಭಾಗವನ್ನು ಸರಿಯಾಗಿ ನೋಡಿದರೆ ಅದು ಒಂದೇ ಸಲಕ್ಕೆ ಕಟ್ಟಿದ್ದಲ್ಲ ಎಂದು ತಿಳಿಯುತ್ತದೆ. 1930ರ ದಶಕದಲ್ಲಿ ಒಮ್ಮೆ, 1960ರ ದಶಕದಲ್ಲಿ ಮತ್ತೊಮ್ಮೆ ಅದನ್ನು ಹಿಂದಕ್ಕೆ ಬೆಳೆಸಿದ್ದಾರೆ. ಈ ಎರಡು ಸೇರ್ಪಡೆಗಳ ಹಿಂದೆ ಎರಡು ಕಾನೂನು ಬದಲಾವಣೆಗಳ ನೆರಳನ್ನು ಕಾಣಬಹುದು. ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ನೆಲೆಸಿದ್ದವರ ಹೆಂಡತಿ ಮತ್ತು ಮಕ್ಕಳನ್ನು ಕರೆತರಲು ಅನುಮತಿ ಸಿಕ್ಕಿತು. ಅಷ್ಟರಲ್ಲಿ ಎಷ್ಟೋ ಜನ ಬೇಸತ್ತು ಊರಿಗೆ ಮರಳಿಯೋ ಅಮೆರಿಕಕ್ಕೆ ದಾಟಿಯೋ ಆಗಿತ್ತು. ಕೆನಡಾದ ಭಾರತೀಯರ ಸಂಖ್ಯೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಉಳಿದವರ ಸಂಸಾರಗಳು ನಿಧಾನವಾಗಿ ಬಂದು ಸೇರಿದವು. ಬರೀ ಗಂಡಸರ ಬಿಡಾರವಾಗಿದ್ದ ಬದುಕಿಗೆ ಹೆಂಗಸರ ಮಾತು, ಮಕ್ಕಳ ಅಳು ಬಂತು. ಹಜಾರ ಸಾಲದಾಯಿತು.

1947ರ ಏಪ್ರಿಲ್ 2ರಂದು ಮತದಾನದ ಹಕ್ಕು ಮರಳಿತು, ಕಿತ್ತುಕೊಂಡ ನಲವತ್ತು ವರ್ಷಗಳ ಮೇಲೆ. ನಮ್ಮ ದೇಶ ಸ್ವತಂತ್ರವಾಗುವುದಕ್ಕೆ ಇನ್ನು ನಾಲ್ಕೂವರೆ ತಿಂಗಳಿತ್ತು. 1951ರಲ್ಲಿ ಭಾರತದಿಂದ ವರ್ಷಕ್ಕೆ 150 ಮಂದಿಗೆ ಪ್ರವೇಶವೆಂದು ಗೊತ್ತುಮಾಡಿದರು. 1957ರಲ್ಲಿ ಅದನ್ನು 300ಕ್ಕೆ ಏರಿಸಿದರು. 1967ರಲ್ಲಿ ಜನಾಂಗವನ್ನು ಬದಿಗಿಟ್ಟು ವಿದ್ಯೆ, ಕಸುಬು, ಭಾಷೆಗಳಿಗೆ ಅಂಕ ಕೊಡುವ ಪದ್ಧತಿ ಬಂದಾಗ ಬಾಗಿಲು ನಿಜವಾಗಿ ತೆರೆಯಿತು. ಫ್ರೇಜರ್ ಕಣಿವೆಯಲ್ಲಿ ಗಿರಣಿಗಳ ಕಾಲ ಮುಗಿದು ರಾಸ್ಪ್‌ಬೆರ್ರಿ, ಬ್ಲೂಬೆರ್ರಿ ಹಣ್ಣಿನ ತೋಟಗಳ ಕಾಲ ಬಂತು. ಹಣ್ಣು ಬಿಡಿಸುವ ಆಳುಗಳಾಗಿ ಬಂದವರೂ ಪಂಜಾಬಿಗಳೇ, ಮುಂದೆ ತೋಟ ಕೊಂಡು ಯಜಮಾನರಾದವರೂ ಪಂಜಾಬಿಗಳೇ. 1980ರಲ್ಲಿ ತೋಟದ ಕೂಲಿಕಾರರ ಸಂಘ ಹುಟ್ಟಿದಾಗ ಕೂಲಿಯ ಹಳೆಯ ಪ್ರಶ್ನೆ ಈ ಸಲ ಒಂದೇ ಸಮುದಾಯದ ಒಳಗೇ ಎದ್ದಿತು. ಇದನ್ನು ಮರೆಮಾಚಬೇಕಾಗಿಲ್ಲ, ವಲಸೆಯ ಇತಿಹಾಸದಲ್ಲಿ ಅದೂ ಒಂದು ಅಧ್ಯಾಯ.

ಈಗ ಆ ಮೊದಲಿನ ಮಾತಿಗೆ ಬರೋಣ. ಕೆನಡಾದಲ್ಲಿ ಆಬಟ್ಸ್‌ಫರ್ಡಿಗಿಂತ ಮೊದಲೇ ಕಟ್ಟಿದ, ಇತಿಹಾಸದ ದೃಷ್ಟಿಯಿಂದ ಇನ್ನೂ ಮುಖ್ಯವಾದ ಗುರುದ್ವಾರ ವ್ಯಾಂಕೂವರಿನದು. ಪದಕ ತೊರೆದದ್ದು, ಕೋಮಗಾಟ ಮಾರುವಿಗೆ ಹಣ ಕೂಡಿಸಿದ್ದು ಅಲ್ಲಿ. 1914ರ ಸೆಪ್ಟೆಂಬರಿನಲ್ಲಿ ಸೊಸೈಟಿಯ ಮುಖಂಡ ಭಾಗ್ ಸಿಂಗ್ ಗುಂಡೇಟಿಗೆ ಬಲಿಯಾದದ್ದೂ ಅದರೊಳಗೇ. ಆ ಕಟ್ಟಡ ಇಂದು ಇಲ್ಲ. 1970ರಲ್ಲಿ ಸಮುದಾಯ ರಾಸ್ ಸ್ಟ್ರೀಟಿನ ಹೊಸ ಗುರುದ್ವಾರಕ್ಕೆ ಹೋಯಿತು, ಹಳೆಯದು ನೆಲಸಮವಾಯಿತು. ಹೊಸದೂ ಸಾಮಾನ್ಯವಾದದ್ದಲ್ಲ. ಕೆನಡಾದ ಹೆಸರಾಂತ ವಾಸ್ತುಶಿಲ್ಪಿ ಆರ್ಥರ್ ಎರಿಕ್ಸನ್ ಅದನ್ನು ರೂಪಿಸಿದರು. ಒಂದರ ಮೇಲೊಂದು ಪೇರಿಸಿಟ್ಟ ಚೌಕಗಳಂತೆ ಮೇಲೇರುವ ಬಿಳಿಯ ಕಟ್ಟಡ, ತುದಿಯಲ್ಲಿ ಆಕಾಶ ಕಾಣುವಂತೆ ಉಕ್ಕಿನ ಪಟ್ಟಿಗಳಿಂದಲೇ ಗೆರೆ ಎಳೆದಂಥ ಗುಮ್ಮಟ. ಅಲ್ಲಿಂದ ಮುಂದೆ ಹೊರದೇಶಗಳ ಗುರುದ್ವಾರಗಳಲ್ಲಿ ಗುಮ್ಮಟದ ಹಂಬಲ ಹೆಚ್ಚುತ್ತಲೇ ಹೋಯಿತು. 2003ರಲ್ಲಿ ತೆರೆದ ಲಂಡನ್ನಿನ ಸೌಥಾಲ್ ಗುರುದ್ವಾರದ ಚಿನ್ನದ ಮೆರುಗಿನ ಗುಮ್ಮಟ ದೂರದಿಂದಲೇ ಕಾಣುತ್ತದೆ. ನೆಲೆ ನಿಂತವರಿಗೆ ತಮ್ಮ ಊರಿನ ರೂಪವನ್ನು ಹೊಸ ಊರಿನ ಆಕಾಶದಲ್ಲಿ ನಿಲ್ಲಿಸುವ ಆಸೆ ಸಹಜ. ಆದರೆ ಆ ಆಸೆಯ ಭರದಲ್ಲಿ ಅಜ್ಜಂದಿರ ಕೈಕೆಲಸ ಮಣ್ಣುಪಾಲಾಗಬಾರದು. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯ ಗುಡಿ ಕೆಡವಿ ಸಿಮೆಂಟಿನ ಗೋಪುರ ಎಬ್ಬಿಸುವ ಉತ್ಸಾಹ ನಮ್ಮ ಊರುಗಳಲ್ಲೂ ಕಡಿಮೆಯೇನಿಲ್ಲ.

ಆಬಟ್ಸ್‌ಫರ್ಡಿನವರೂ 1980ರ ದಶಕದಲ್ಲಿ ರಸ್ತೆಯ ಎದುರು ಬದಿಯಲ್ಲಿ ದೊಡ್ಡ ಗುರುದ್ವಾರ ಕಟ್ಟಿಕೊಂಡರು. ಆದರೆ ಹಳೆಯದನ್ನು ಕೆಡವಲಿಲ್ಲ. ಮಳೆಗಾಲ ದೀರ್ಘವಾದ ಆ ನಾಡಿನಲ್ಲಿ ಮರದ ಕಟ್ಟಡವನ್ನು ಕಾಪಾಡುವುದು ಸುಲಭವಲ್ಲ. ಹಲಗೆ ಕೊಳೆಯುತ್ತದೆ, ತಳದ ತೊಲೆ ಕುಸಿಯುತ್ತದೆ. 2002ರಲ್ಲಿ ಕೆನಡಾ ಸರ್ಕಾರ ಈ ಗುರುದ್ವಾರವನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿತು. ಆಮೇಲೆ ಕೆಲವು ವರ್ಷ ದುರಸ್ತಿ ನಡೆದು 2007ರಲ್ಲಿ ಅದು ಮತ್ತೆ ತೆರೆಯಿತು. ಯಾವ ಸರ್ಕಾರ ಇವರ ಹೆಸರನ್ನು ಮತದಾರರ ಪಟ್ಟಿಯಲ್ಲಿ ಸೇರಿಸಲು ಒಪ್ಪಿರಲಿಲ್ಲವೋ ಅಂಥದೇ ಒಂದು ಸರ್ಕಾರ ಇವರು ಕಟ್ಟಿದ ಮನೆಯ ಹೆಸರನ್ನು ದೇಶದ ಚರಿತ್ರೆಯ ಪಟ್ಟಿಯಲ್ಲಿ ಬರೆಯಿತು. 2021ರ ಜನಗಣತಿಯ ಪ್ರಕಾರ ಕೆನಡಾದಲ್ಲಿ 7,71,790 ಸಿಖ್ಖರಿದ್ದರು. ಆಬಟ್ಸ್‌ಫರ್ಡ್ ನಗರದ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಅವರೇ.

ನೂರು ವರ್ಷ ತುಂಬಿದ 2011ರಲ್ಲಿ ಕೆಳ ಅಂತಸ್ತಿನ ಹಳೆಯ ಲಂಗರ್ ಹಜಾರದಲ್ಲಿ ಸಿಖ್ ಪರಂಪರೆಯ ವಸ್ತುಸಂಗ್ರಹಾಲಯವನ್ನು ತೆರೆದರು. ಶಾಲೆಯ ಮಕ್ಕಳು ಅಧ್ಯಾಪಕರೊಡನೆ ಅಲ್ಲಿಗೆ ಬರುತ್ತಾರೆ. ಚಿತ್ರಪಟಗಳಲ್ಲಿ ಗಿರಣಿಯ ಆಳುಗಳನ್ನು, ಬಂದರಿನಲ್ಲಿ ನಿಂತ ಹಡಗನ್ನು ನೋಡಿ, ಬಳಿಕ ಚಪ್ಪಲಿ ಬಿಟ್ಟು, ತಲೆಗೆ ವಸ್ತ್ರ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಾರೆ. ಮೇಲೆ ಗ್ರಂಥ ಸಾಹೇಬ್ ಇಂದಿಗೂ ಇದೆ, ಪ್ರಾರ್ಥನೆ ನಿಂತಿಲ್ಲ. ಊಟ ಬೇಕಾದವರು ರಸ್ತೆ ದಾಟಿ ಹೊಸ ಗುರುದ್ವಾರದ ಲಂಗರಿಗೆ ಹೋಗಬೇಕು, ಅಷ್ಟೆ.